ಡ್ಯೂಕ್ ಮ್ಯಾಗ್ನೋಲಿಯಾನ ಅಕ್ಕ

ಕಾಲ್ವರ್ಟ್ ಫಾಲ್ಸ್, ಟೆನೆಸ್ಸಿ
ಫೆಬ್ರವರಿ 11, 1974

ಪ್ರಿಯ ಓಡೆಲ್,

ಮೊದಲು ಒಂದು ಪ್ರಶ್ನೆ, ಉಳಿದ ಮಾತೆಲ್ಲ ಆಮೇಲೆ. ನಿನ್ನ ಕೂದಲಿಗೆ ಏನಾಯಿತು?

ಶನಿವಾರ ಸಂಜೆ ನಾನು ಒಲೆಯ ಮೇಲೆ ಬೀನ್ಸ್ ಬೇಯಲಿಟ್ಟಿದ್ದೆ. ನನ್ನ ಗಂಡ ಎಂದಿನಂತೆ ಟಿವಿಗೆ ಮೂಗು ತಾಗಿಸಿಕೊಂಡು ಕುಸ್ತಿ ನೋಡುತ್ತ ಕೂತಿದ್ದ. ಹಾಯ್ಟ್‌ಗೆ ಶನಿವಾರದ ಕುಸ್ತಿ ಎಂದರೆ ಭಾನುವಾರದ ಚರ್ಚಿಗಿಂತ ಒಂದು ಗುಲಗಂಜಿ ಹೆಚ್ಚು. ಇದ್ದಕ್ಕಿದ್ದಂತೆ ಕಿರುಚಿದ: "ಇಮೋಜೀನ್, ಓಡ್ ಬಾರೇ! ನಿನ್ ತಮ್ಮ ಮದುವಣಗಿತ್ತಿ ಥರ ಸಿಂಗಾರ ಮಾಡ್ಕೊಂಡು ಬಂದವ್ನೆ!"

ಸೌಟು ಕೈಯಲ್ಲೇ ಹಿಡಿದು ಬಂದು ನೋಡಿದೆ. ನೆಲ ಗುಡಿಸುವ ಗುಲಾಬಿ ರೇಷ್ಮೆಯ ನಿಲುವಂಗಿ. ಚಿನ್ನದ ಬಣ್ಣದ ಗುಂಗುರು ಕೂದಲು. ಕೈಯಲ್ಲೊಂದು ಅತ್ತರಿನ ಸೀಸೆ. ರೆಫ್ರಿ ನಿನ್ನನ್ನು ಮುಟ್ಟುವ ಮೊದಲು ಅವನ ಕೈಗೆ ಅತ್ತರು ಸಿಂಪಡಿಸಿ ಶುದ್ಧ ಮಾಡಿದೆಯಲ್ಲ, ಆಗಲೇ ನನಗೆ ಸಂದೇಹ ಹೋಯಿತು. ಚಿಕ್ಕಂದಿನಲ್ಲಿ ಊಟಕ್ಕೆ ಕೂರುವ ಮುಂಚೆ ಚಮಚ ಮೂಸಿ ನೋಡುತ್ತಿದ್ದ ಹುಡುಗ ಜಗತ್ತಿನಲ್ಲಿ ಒಬ್ಬನೇ.

"ನ್ಯಾಚೆಜ್ ಪಟ್ಟಣದ ಅರಮನೆಯಿಂದ ಬಂದಿರುವ ಡ್ಯೂಕ್ ಮ್ಯಾಗ್ನೋಲಿಯಾ" ಎಂದು ಕೂಗಿದರು. ಅರಮನೆಯಂತೆ! ನೀನು ಹುಟ್ಟಿದ್ದು ಗಿರಣಿಯ ಕೂಲಿಮನೆಯಲ್ಲಿ. ಸೂಲಗಿತ್ತಿಗೆ ದೀಪ ಹಿಡಿದು ನಿಂತಿದ್ದವಳು ನಾನು.

ಅಲಬಾಮಾದಲ್ಲಿ ಲಾರಿ ಓಡಿಸುತ್ತಿದ್ದೇನೆ ಎಂದು ಬರೆದಿದ್ದೆ. ಲಾರಿ ಓಡಿಸುವವರು ಬೇರೆಯವರ ಕಣ್ಣಿಗೆ ಬೆರಳು ಹಾಕುವುದಿಲ್ಲ. ಅದನ್ನು ನಾನಂತೂ ನಿನಗೆ ಕಲಿಸಲಿಲ್ಲ.

ತೆಳ್ಳಗೆ ಕಾಣುತ್ತೀಯ. ಸರಿಯಾಗಿ ತಿನ್ನುತ್ತಿದ್ದೀಯ?

ನಿನ್ನ ಅಕ್ಕ,
ಇಮೋಜೀನ್

*

ಡೋಥನ್, ಅಲಬಾಮಾ
ಮಾರ್ಚ್ 3, 1974

ಪ್ರೀತಿಯ ಅಕ್ಕ,

ಕೂದಲಿಗೆ ಆದದ್ದು ಇಷ್ಟೇ: ಅದು ಕಪ್ಪಗಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಲಾರಿ ಓಡಿಸಿದ್ದು ಸುಳ್ಳಲ್ಲ. ಆಮೇಲೆ ಕುಸ್ತಿಗೆ ಬಂದೆ. ಕಪ್ಪು ಚಡ್ಡಿ ಹಾಕಿಕೊಂಡು ಊರೂರಿನ ಹಾಲ್‌ಗಳಲ್ಲಿ ಸೆಣಸಿದೆ. ಜನ ಬಯ್ಯಲೂ ಇಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಾನು ಅಖಾಡಕ್ಕೆ ಹತ್ತಿದರೆ ಅವರು ಕಡಲೆಕಾಯಿ ಕೊಳ್ಳಲು ಎದ್ದು ಹೋಗುತ್ತಿದ್ದರು. ಅದಕ್ಕಿಂತ ದೊಡ್ಡ ಏಟು ಯಾವ ಪೈಲ್ವಾನನೂ ನನಗೆ ಕೊಟ್ಟಿಲ್ಲ.

ಒಂದು ದಿನ ಬಸ್ಸಿನಲ್ಲಿ ನನ್ನ ಚೀಲ ಕಳೆದುಹೋಯಿತು. ನಾನಿದ್ದ ಮನೆಯ ಒಡತಿ, ಎಂಬತ್ತು ದಾಟಿದ ಮುದುಕಿ, ತನ್ನ ಗುಲಾಬಿ ಬಣ್ಣದ ಸ್ನಾನದ ಅಂಗಿ ಕೊಟ್ಟಳು. ಅದಕ್ಕೆ ಮ್ಯಾಗ್ನೋಲಿಯಾ ಹೂವಿನ ವಾಸನೆ. ತಲೆ ತಗ್ಗಿಸಿಕೊಂಡು ಅಖಾಡದತ್ತ ನಡೆದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ರೈತ ಕೂಗಿದ: "ಏನಮ್ಮಾ, ದಾರಿ ತಪ್ಪಿ ಬಂದ್ಯಾ? ಬ್ಯೂಟಿ ಪಾರ್ಲರ್ರು ಆ ಕಡೆ ಐತೆ!"

ಹಾಲ್ ಘೊಳ್ಳೆಂದಿತು. ಓಡಿಹೋಗಬೇಕು ಅನಿಸಿತು, ಅಕ್ಕ. ಅದರ ಬದಲು ಏನಾಯಿತೋ, ನಿಂತೆ. ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ. "ದೂರ ನಿಂತ್ಕೋಪ್ಪ. ನಿನ್ ಮೈಯಿಂದ ಹಂದಿ ವಾಸನೆ ಹೊಡೀತಿದೆ, ನನ್ನ ಬಟ್ಟೆಗೆ ಅಂಟ್ಕೊಂಡೀತು" ಎಂದೆ.

ಮಲಗಿದ್ದ ಪ್ರಾಣಿಯ ಬಾಲ ತುಳಿದಂತೆ ಇಡೀ ಹಾಲ್ ಎದ್ದು ನಿಂತಿತು. ಕಡಲೆಕಾಯಿಯವನೂ ಬುಟ್ಟಿ ಕೆಳಗಿಟ್ಟು ನನ್ನನ್ನು ಬೈದ. ಅಂದಿನಿಂದ ನಾನು ಡ್ಯೂಕ್.

ಕಣ್ಣಿನ ವಿಷಯ. ನಾನು ಬೆರಳು ಹಾಕಿದ ಆ ಮನುಷ್ಯ ಭಾನುವಾರ ಬೆಳಿಗ್ಗೆ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದುದನ್ನು ಕಂಡವರಿದ್ದಾರೆ. ಅದಕ್ಕಿಂತ ಹೆಚ್ಚು ಕೇಳಬೇಡ. ಈ ಕಸುಬಿನಲ್ಲಿ ಕಟ್ಟಿಕೊಂಡ ಹೆಂಡತಿಗೂ ಹೇಳದ ಮಾತುಗಳಿವೆ.

ಚೆನ್ನಾಗಿಯೇ ತಿನ್ನುತ್ತೇನೆ. ನಿನ್ನ ಕೈಯ ಜೋಳದ ಬ್ರೆಡ್ಡು ಮಾತ್ರ ಇಲ್ಲಿಲ್ಲ.

ನಿನ್ನ ತಮ್ಮ,
ಓಡೆಲ್

*

ಕಾಲ್ವರ್ಟ್ ಫಾಲ್ಸ್
ಸೆಪ್ಟೆಂಬರ್ 23, 1974

ಓಡೆಲ್,

ಮೊನ್ನೆ ನೀನು ನಮ್ಮ ಊರಿಗೇ ಬಂದೆ, ಗ್ರೇಡಿ ಹಾರ್ಬಿನ್ ಮೇಲೆ ಸೆಣಸಲು. ನಾನು ಬರಲಿಲ್ಲ. ಹಾಯ್ಟ್ ಬಂದಿದ್ದ. ಮನೆಗೆ ಮರಳಿದವನು ಟೋಪಿ ತೆಗೆಯದೆ ಕುರ್ಚಿಯಲ್ಲಿ ಕೂತು, ನೀನು ಮೈಕ್ ಹಿಡಿದು ಹೇಳಿದ್ದನ್ನು ನನಗೆ ಒಪ್ಪಿಸಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಗ್ರೇಡಿ ಈ ಗಿರಣಿಯಲ್ಲೇ ಹತ್ತಿ ಹಿಂಜಿದವನು. ಇಂದಿಗೂ ಬರಿಗಾಲಲ್ಲಿ, ಕೂಲಿಯವರ ನೀಲಿ ಉಡುಪಿನಲ್ಲಿ ಅಖಾಡಕ್ಕೆ ಬರುತ್ತಾನೆ. ಇಲ್ಲಿ ಅವನ ಚಿತ್ರವಿಲ್ಲದ ಮನೆಯಿಲ್ಲ. ಅವನನ್ನು ನೀನು ಮೋಸದಿಂದ ಬಡಿದೆ, ಹೋಗಲಿ. ಆದರೆ ಇದೇನು? "ಈ ಊರ ಹೆಂಗಸರ ಕೈ ನೋಡ್ರೋ! ಹತ್ತಿ ಧೂಳು ಮೆತ್ಕೊಂಡಿರೋ ಕೋಳಿಕಾಲು! ಈ ಕೈ ಮುಟ್ಟಿದ ಬ್ರೆಡ್ಡನ್ನ ನನ್ನ ನಾಯಿನೂ ತಿನ್ನಲ್ಲ!"

ಗಿರಣಿ ಈಗ ಅರ್ಧ ವಾರ ಮುಚ್ಚಿರುತ್ತದೆ. ಇಲ್ಲಿನ ಹೆಂಗಸರು ಮೊದಲೇ ಕುಗ್ಗಿದ್ದಾರೆ. ಅವರ ಮುಂದೆ ನೀನು ಅದನ್ನು ಹೇಳಿದೆ.

ಅಮ್ಮನ ಕೈ ಅಂಥದ್ದೇ ಆಗಿತ್ತು, ಓಡೆಲ್. ಶವಪೆಟ್ಟಿಗೆಯಲ್ಲಿ ಎದೆಯ ಮೇಲೆ ಮಡಿಸಿಟ್ಟಾಗಲೂ ಉಗುರಿನ ಸಂದಿಯಲ್ಲಿ ಹತ್ತಿಯ ಎಳೆ ಇತ್ತು. ನೀನು ಆಗ ಚಿಕ್ಕವನು, ನಿನಗೆ ಕಾಣಲಿಲ್ಲವೇನೋ.

ಇನ್ನು ನನಗೆ ಬರೆಯಬೇಡ.

ಇಮೋಜೀನ್

*

ಪೆನ್ಸಕೋಲಾ, ಫ್ಲಾರಿಡಾ
ಅಕ್ಟೋಬರ್ 15, 1974

ಅಕ್ಕ,

ಬರೆಯಬೇಡ ಎಂದಿದ್ದೀಯ. ಇದೊಂದು ಬರೆದು ಸುಮ್ಮನಾಗುತ್ತೇನೆ.

ಕಂಡಿತ್ತು. ಆ ಎಳೆಯನ್ನು ನಾನೂ ಕಂಡಿದ್ದೆ.

ಅಂದು ಎರಡನೆಯ ಸಾಲಿನಲ್ಲಿ ಹಸಿರು ಕೋಟಿನ ಒಬ್ಬ ಹೆಂಗಸಿದ್ದಳು. ಬಂದಾಗ ಕೈಗಳನ್ನು ಕೋಟಿನ ಜೇಬಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಾನು ಆ ಮಾತು ಆಡಿದಾಗ ಎದ್ದು ಬಂದು ಕೈಚೀಲದಿಂದ ನನ್ನ ಬೆನ್ನಿಗೆ ಬಾರಿಸಿದಳು. ಚೀಲದಲ್ಲಿ ಇಸ್ತ್ರಿಪೆಟ್ಟಿಗೆ ಇತ್ತೋ ಏನೋ. ಅವಳು ಬೈದ ಬೈಗುಳ ಕೇಳಬೇಕಿತ್ತು ನೀನು. ಅದರಲ್ಲಿ ಅರ್ಧದಷ್ಟು ನನ್ನನ್ನು ಕುರಿತದ್ದೇ ಅಲ್ಲ. ಗಿರಣಿಯ ಮೇಸ್ತ್ರಿಯ ಮುಖಕ್ಕೆ ಹೇಳಲಾಗದೆ ನುಂಗಿಕೊಂಡದ್ದನ್ನೆಲ್ಲ ನನ್ನ ಮುಖಕ್ಕೆ ಉಗಿದಳು.

ಆಮೇಲೆ ಹಾರ್ಬಿನ್ ನನ್ನನ್ನು ಚಿತ್ ಮಾಡಿದ. ಹಾಯ್ಟ್ ಅದನ್ನು ನಿನಗೆ ಹೇಳಿದನೋ ಇಲ್ಲವೋ. ನಾನು ನೆಲದಲ್ಲಿ ಬಿದ್ದುಕೊಂಡು ನೋಡುತ್ತಿದ್ದೆ. ಆ ಹೆಂಗಸರೆಲ್ಲ ಕುರ್ಚಿ ಹತ್ತಿ ನಿಂತು ಕೈಗಳನ್ನು ಮೇಲೆತ್ತಿ ಕುಣಿಯುತ್ತಿದ್ದರು. ಬರುವಾಗ ಮುಚ್ಚಿಟ್ಟುಕೊಂಡಿದ್ದ ಕೈಗಳು.

ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ.

ಓಡೆಲ್

*

ಚಟ್ಟನೂಗಾ, ಟೆನೆಸ್ಸಿ
ಏಪ್ರಿಲ್ 30, 1977

ಅಕ್ಕ,

ಪ್ರತಿ ಕ್ರಿಸ್‌ಮಸ್‌ಗೂ ನಾನು ಕಳಿಸಿದ ಕಾರ್ಡು ವಾಪಸು ಬರಲಿಲ್ಲ. ಹಾಗಾಗಿ ಧೈರ್ಯ ಮಾಡಿ ಈ ಲಕೋಟೆ ಕಳಿಸುತ್ತಿದ್ದೇನೆ. ಒಳಗೆ ಎರಡು ಟಿಕೆಟ್ ಇವೆ. ಜೂನ್ ಮೊದಲ ಶನಿವಾರ, ನಾಕ್ಸ್‌ವಿಲ್‌ನ ದೊಡ್ಡ ಹಾಲ್, ಹಾರ್ಬಿನ್ ಮತ್ತು ನಾನು. ಈ ಸೀಮೆಯಲ್ಲಿ ಇಷ್ಟು ಜನ ಸೇರುವ ಕುಸ್ತಿ ಇದುವರೆಗೆ ಆಗಿಲ್ಲವಂತೆ.

ನೀನು ಬಾರದಿದ್ದರೆ ಹಾಯ್ಟ್‌ಗಾದರೂ ಕೊಡು. ಅವನ ದೇವರು ಬರುತ್ತಿದ್ದಾನೆ.

ಓಡೆಲ್

*

ಕಾಲ್ವರ್ಟ್ ಫಾಲ್ಸ್
ಜೂನ್ 8, 1977

ಪ್ರಿಯ ಓಡೆಲ್,

ನಾನು ಬಂದಿದ್ದೆ. ಮೂರನೆಯ ಸಾಲಿನಲ್ಲಿ, ಹಾಯ್ಟ್ ಪಕ್ಕದಲ್ಲಿ ಕೂತಿದ್ದೆ. ಏನು ನೋಡಿದೆನೋ ಅದನ್ನು ಬರೆಯುತ್ತೇನೆ. ನೀನು ಹೌದು ಎನ್ನಬೇಡ, ಅಲ್ಲ ಎನ್ನಬೇಡ.

ಮೊದಲು ಒಂದು ಮಾತು. ನೀನು ನಡೆದು ಬಂದ ರೀತಿ! ಆ ನೇರಳೆ ನಿಲುವಂಗಿ, ಅದರ ಬೆನ್ನ ಮೇಲೆ ಬಿಡಿಸಿದ ನವಿಲು, ಇಬ್ಬರು ಹುಡುಗಿಯರು ಮುಂದೆ ಮುಂದೆ ಹೂವು ಚೆಲ್ಲುತ್ತಿದ್ದದ್ದು. ಹತ್ತು ಸಾವಿರ ಜನ ನಿನ್ನನ್ನು ಶಪಿಸುತ್ತಿದ್ದರು, ನೀನು ಮಾತ್ರ ಮಳೆಯಲ್ಲಿ ನೆನೆಯಲು ಹೊರಟ ಮಗುವಿನ ಹಾಗೆ ಮುಖ ಮೇಲೆತ್ತಿಕೊಂಡು ಬಂದೆ. ಹಾಯ್ಟ್ ಗಂಟಲು ಹರಿಯುವಂತೆ ಕೂಗುತ್ತಿದ್ದ. ನನಗೆ ಕೂಗಲಾಗಲಿಲ್ಲ. ಇವನನ್ನು ನಾನು ಸೊಂಟದ ಮೇಲೆ ಹೊತ್ತು ತಿರುಗಿದ್ದೆ ಎಂದುಕೊಂಡೆ.

ಕುಸ್ತಿ ಜೋರಾಗಿ ನಡೆದಿತ್ತು. ಗ್ರೇಡಿ ನಿನ್ನನ್ನು ಎತ್ತಿ ಒಗೆದ. ಮತ್ತೆ ನಿನ್ನತ್ತ ನಡೆದು ಬಂದವನ ಬಲಗಾಲು ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಹಾಯ್ಟ್, "ಕಳ್ಳ ಏಟು ಹೊಡ್ದ ನೋಡು, ಬೋಳಿಮಗ!" ಅಂದ. ನೀನು ಮುಟ್ಟಿಯೂ ಇರಲಿಲ್ಲ. ನಾನು ನೋಡುತ್ತಿದ್ದದ್ದು ನಿನ್ನನ್ನೇ. ನಮ್ಮ ಅಪ್ಪ ಅಂಗಳದಲ್ಲಿ ಬಿದ್ದ ದಿನ ನಿನ್ನ ಮುಖ ಹೇಗಿತ್ತೋ ಹಾಗಾಯಿತು, ಒಂದೇ ಒಂದು ಗಳಿಗೆ. ಮರುಗಳಿಗೆ ಮತ್ತೆ ಡ್ಯೂಕನ ಮುಖ.

ಅವನು ಬೀಳುವ ಮೊದಲೇ ನೀನು ಅವನ ಕೆಳಗೆ ಹೋದೆ. ಜನಕ್ಕೆ ಕಂಡದ್ದು ಗ್ರೇಡಿ ನಿನ್ನ ಮೇಲೆ ಹಾರಿ ಬಿದ್ದದ್ದು. ನನಗೆ ಕಂಡದ್ದು ನೀನು ಅವನ ತೋಳನ್ನು ಎಳೆದು ನಿನ್ನ ಎದೆಯ ಮೇಲೆ ಹಾಕಿಕೊಂಡದ್ದು, ಇನ್ನೊಂದು ಅಂಗೈಯನ್ನು ಅವನ ತಲೆಯ ಕೆಳಗೆ ಇಟ್ಟದ್ದು. ರೆಫ್ರಿಯ ಕಿವಿಯಲ್ಲಿ ಏನೋ ಹೇಳಿದೆ. ಅವನು ಬೆಳ್ಳಗಾಗಿ ನೆಲ ಬಡಿದು ಎಣಿಸಿದ. ಗ್ರೇಡಿ ಗೆದ್ದ! ಛಾವಣಿ ಹಾರಿಹೋಗುವಂಥ ಕೂಗು. ಎಲ್ಲರೂ ಅವನನ್ನು ಹೆಗಲ ಮೇಲೆ ಹೊರಲು ಅಖಾಡದತ್ತ ನುಗ್ಗತೊಡಗಿದರು. ಅಖಾಡ ಹತ್ತಿ ಅವನನ್ನು ಎತ್ತಿದ್ದರೆ ಅವನು ಉಳಿಯುತ್ತಿರಲಿಲ್ಲ.

ಆಗ ನೀನು ಮೈಕ್ ಕಿತ್ತುಕೊಂಡೆ.

ಏನೇನು ಹೇಳಿದೆಯಪ್ಪಾ! ಅವರ ಅಮ್ಮಂದಿರನ್ನು ಬಿಡಲಿಲ್ಲ, ಅವರ ಚರ್ಚನ್ನು ಬಿಡಲಿಲ್ಲ, ಟೆನೆಸ್ಸಿಯ ನದಿ ಬೆಟ್ಟಗಳನ್ನೂ ಬಿಡಲಿಲ್ಲ. ಮುಂದಿನ ಸಾಲಿನವನ ಟೋಪಿ ಕಿತ್ತು ಅದರಲ್ಲಿ ಮೂಗು ಸೀಟಿದೆ. ಜನ ಗ್ರೇಡಿಯನ್ನು ಮರೆತು ನಿನ್ನ ಕಡೆ ತಿರುಗಿದರು. ನೀನು ಮುಂಬಾಗಿಲಿನತ್ತ ಓಡಿದೆ. ಓಡಿದ್ದೂ ಅಲ್ಲ, ಕುಣಿದುಕೊಂಡು ಹೋದೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಇಡೀ ಹಾಲ್ ನಿನ್ನ ಹಿಂದೆ ಹೊರಗೆ ಹರಿಯಿತು. ಬಾಟಲಿ ಬಂದು ನಿನ್ನ ಹಣೆಗೆ ತಾಗಿದ್ದನ್ನು ನೋಡಿದೆ. ನೀನು ರಕ್ತ ಒರೆಸಿಕೊಳ್ಳಲಿಲ್ಲ, ಅವರಿಗೆ ಮುತ್ತು ಎಸೆದೆ.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಖಾಲಿಯಾದ ಹಾಲ್‌ನಲ್ಲಿ ಹಿಂಬಾಗಿಲು ತೆರೆಯಿತು, ಸ್ಟ್ರೆಚರ್ ಬಂತು, ಗ್ರೇಡಿಯನ್ನು ನಿಧಾನವಾಗಿ ಎತ್ತಿ ಮಲಗಿಸಿದರು. ಆಂಬುಲೆನ್ಸಿಗೆ ಅಡ್ಡ ಬರಲು ಆ ಬದಿಯಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ.

ಹಾಯ್ಟ್‌ಗೆ ನಾನು ಏನೂ ಹೇಳಿಲ್ಲ. ನಿನ್ನನ್ನೂ ಏನೂ ಕೇಳುವುದಿಲ್ಲ.

ಹಣೆಯ ಗಾಯಕ್ಕೆ ನೀರು ತಾಗಿಸಬೇಡ.

ನಿನ್ನ ಅಕ್ಕ,
ಇಮೋಜೀನ್

*

ಬರ್ಮಿಂಗ್‌ಹ್ಯಾಮ್, ಅಲಬಾಮಾ
ಜುಲೈ 2, 1977

ಪ್ರೀತಿಯ ಅಕ್ಕ,

ನಿನ್ನ ಕೈಬರಹ ಲಕೋಟೆಯ ಮೇಲೆ ಕಂಡು ಎಷ್ಟು ಹೊತ್ತು ಒಡೆಯದೆ ಇಟ್ಟುಕೊಂಡಿದ್ದೆನೋ!

ನೀನು ಬರೆದದ್ದು ನನಗೊಂದೂ ಅರ್ಥವಾಗಲಿಲ್ಲ. ನಿನ್ನ ಕನ್ನಡಕ ಬದಲಾಯಿಸಬೇಕು. ನಾನು ಹಾರ್ಬಿನ್‌ನನ್ನು ದ್ವೇಷಿಸುತ್ತೇನೆ, ಅದು ಜಗತ್ತಿಗೇ ಗೊತ್ತು. ಅವನು ನಾಕ್ಸ್‌ವಿಲ್ ಆಸ್ಪತ್ರೆಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ತಕ್ಕ ಶಾಸ್ತಿಯಾಯಿತು.

ಮಾತು ಬರುತ್ತಿದೆಯಂತೆ, ಆದರೆ ಹೆಂಡತಿಯ ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದಂತೆ. ಬಲಗೈ ಇನ್ನೂ ಹಿಡಿತಕ್ಕೆ ಬಂದಿಲ್ಲವಂತೆ. ಮಂಗಳವಾರ ಹೆಬ್ಬೆರಳು ಅಲ್ಲಾಡಿಸಿದನಂತೆ. ಆಸ್ಪತ್ರೆಯ ಊಟ ಸೇರುವುದಿಲ್ಲ, ಬಾಳೆಹಣ್ಣಿನ ಪುಡಿಂಗ್ ಕೊಟ್ಟರೆ ಮಾತ್ರ ತಿನ್ನುತ್ತಾನಂತೆ. ಕಿಟಕಿಯ ಪಕ್ಕದ ಹಾಸಿಗೆ ಬೇಕೆಂದು ಹಟ ಮಾಡಿ ಪಡೆದುಕೊಂಡನಂತೆ. ಬೆಳಿಗ್ಗೆ ಅಳುತ್ತಾನಂತೆ, ಅದು ಪಾರ್ಶ್ವವಾಯುವಿನ ಲಕ್ಷಣವಂತೆ, ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಡಾಕ್ಟರು ಹೇಳಿದರಂತೆ.

ಎಲ್ಲ ಅವರಿವರು ಹೇಳಿದ ಮಾತು.

ಓಡೆಲ್

*

ಕಾಲ್ವರ್ಟ್ ಫಾಲ್ಸ್
ಆಗಸ್ಟ್ 19, 1977

ಪ್ರಿಯ ಓಡೆಲ್,

ಬಾಳೆಹಣ್ಣಿನ ಪುಡಿಂಗ್ ಮಾಡಿಕೊಂಡು ನಾಕ್ಸ್‌ವಿಲ್‌ಗೆ ಹೋಗಿದ್ದೆ. ವಾರ್ಡಿನ ನರ್ಸ್ ನಕ್ಕು ಹೇಳಿದಳು: "ಬುಧವಾರ ಬುಧವಾರ ಒಬ್ಬಾತ ಅಡುಗೆಮನೆ ಬಾಗಿಲಿಂದ ಬರ್ತಾನೆ ಕಣ್ರೀ. ಟೋಪಿ ಮೂಗಿನ್ ತನಕ, ಮಫ್ಲರ್ ಕಣ್ಣಿನ್ ತನಕ. ಈ ಬೇಸಗೇಲಿ! ಅವನು ಹೋದ್ಮೇಲೆ ಸಂಜೆವರೆಗೂ ವಾರ್ಡೆಲ್ಲ ಹೂವಿನ ವಾಸನೆ." ಯಾರೋ ಬಂಧುವಿರಬೇಕು ಎಂದೆ.

ಗ್ರೇಡಿಗೆ ನನ್ನ ಹೆಸರು ಹೇಳಿದೆ.  ಅವನು ಮಾತುಗಳನ್ನು ಒಂದೊಂದಾಗಿ ಬಾವಿಯಿಂದ ಸೇದುವವನಂತೆ ಹೇಳಿದ: "ನಿಮ್ ತಮ್ಮ ಭಾರಿ ಖದೀಮ ಕಣಮ್ಮಾ. ಭಾರಿ ಕೆಟ್ಟವನು. ಈ ಮೂರ್ನಾಲ್ಕು ವರ್ಷದಾಗೆ ನನ್ ತಲೆನ ಅದೆಷ್ಟು ಸಲ ನೆಲಕ್ಕೆ ಅಪ್ಪಳಿಸವ್ನೋ ಲೆಕ್ಕ ಇಲ್ಲ." ಉಸಿರು ತೆಗೆದುಕೊಂಡ. "ಒಂದಿನಾನೂ ತಲೆನೋವು ಬಂದಿಲ್ಲ."

ನಾನು ಪುಡಿಂಗ್ ಬಟ್ಟಲಿಗೆ ಹಾಕಿಕೊಟ್ಟೆ.

ಹೊರಡುವಾಗ ಎಡಗೈಯಿಂದ ನನ್ನ ತೋಳು ಹಿಡಿದ. "ಜನ ಕೇಳ್ತವ್ರೆ, ಗ್ರೇಡಿಗೆ ಏನಾಯ್ತು ಅಂತ. ತಲೆಯೊಳ್ಗೆ ದಾರದಂಥ ಒಂದು ನರ ಕೈ ಕೊಡ್ತು ಅಂತ ಹೇಳ್ಬೇಕಾ ನಾನು? ನಲವತ್ತು ವರ್ಷದ ಗಂಡಸು, ಗೂಳಿ ಬೀಳಿಸ್ತಿದ್ದೋನು? ಡ್ಯೂಕ್ ಮಾಡ್ದ ಅನ್ಲಿ. ಅವನ ಕೈಯಾಗೆ ಬಿದ್ದೆ ಅಂದ್ರೆ ನಂಗೆ ಮರ್ಯಾದೆ. ಕೇಳ್ದೆ ಅವನ್ನ. ಒಪ್ತಾ ಇಲ್ಲ. 'ಆ ಊರಲ್ಲಿ ನಮ್ಮಕ್ಕ ಬಾಳ್ಬೇಕು' ಅಂತಾನೆ. ಅಷ್ಟೇ ಅಂತಾನೆ, ಬೇರೆ ಏನೂ ಹೇಳಲ್ಲ."

ದಾರಿಯುದ್ದಕ್ಕೂ ಯೋಚಿಸಿದೆ, ಓಡೆಲ್. ಗ್ರೇಡಿಯನ್ನು ಕುಂಟನನ್ನಾಗಿ ಮಾಡಿದವನ ಅಕ್ಕ ಎಂದು ಈ ಊರಿನಲ್ಲಿ ಬಾಳುವುದು ಸುಲಭವಲ್ಲ. ನಮ್ಮ ಮನೆಯಲ್ಲೂ ಸುಲಭವಲ್ಲ. ಆದರೆ ಗಿರಣಿಯ ಧೂಳಿನಲ್ಲಿ ಬಾಳಿದವಳು ನಾನು.

ನೀನು ನಿನ್ನ ಕೆಲಸ ಮಾಡು.

ಇಮೋಜೀನ್

*

ಬರ್ಮಿಂಗ್‌ಹ್ಯಾಮ್
ಮಾರ್ಚ್ 12, 1978

ಪ್ರೀತಿಯ ಅಕ್ಕ,

ನೀನು ಟಿವಿಯಲ್ಲಿ ನೋಡಿರಬೇಕು. ಹೊಸ ನಿಲುವಂಗಿ ಹಾಲಿನ ಬಿಳುಪು, ಎದೆಯ ಮೇಲೆ ಬೆಳ್ಳಿಯ ಜರಿಯಲ್ಲಿ ಒಂದು ಮುರಿದ ಊರುಗೋಲು. ಅದನ್ನು ತೊಟ್ಟು ಕ್ಯಾಮೆರಾದ ಮುಂದೆ ನಿಂತು ಒಂದೇ ಮಾತು ಹೇಳಿದೆ: "ನಾಕ್ಸ್‌ವಿಲ್‌ನಲ್ಲಿ ಗೆದ್ದವನು ಹಾರ್ಬಿನ್, ಒಪ್ಪಿದೆ. ಆದ್ರೆ ಎದ್ದು ನಡೆದವನು ನಾನು."

ಅಂದಿನಿಂದ ನಾನು ಹೋದಲ್ಲೆಲ್ಲ ಹಾಲ್ ಉಕ್ಕುತ್ತಿದೆ. ಮೆಂಫಿಸ್‌ನಲ್ಲಿ ನನ್ನ ಕಾರಿಗೆ ಬೆಂಕಿ ಹಚ್ಚಿದರು. ಮೊಬೈಲ್ ಪಟ್ಟಣದಲ್ಲಿ ಅಜ್ಜಿಯೊಬ್ಬಳು ಹ್ಯಾಟಿನ ಪಿನ್ನು ತೊಡೆಗೆ ಚುಚ್ಚಿದಳು. ಚುಚ್ಚಿದ ಮೇಲೆ ಅವಳ ಮುಖ ನೋಡಬೇಕಿತ್ತು, ಹತ್ತು ವರ್ಷ ಚಿಕ್ಕವಳಾಗಿದ್ದಳು. ಹೊಸ ಹುಡುಗರು ಬಂದು, ಅಷ್ಟು ಜನರನ್ನು ಒಂದು ಹುಬ್ಬಿನಿಂದ ಹೇಗೆ ಏಳಿಸುತ್ತೀರಿ ಎಂದು ಕೇಳುತ್ತಾರೆ. ಎದುರಾಳಿಯನ್ನು ಹಸುಗೂಸಿನಂತೆ ಹಿಡಿದುಕೊಳ್ಳಿ, ಮಿಕ್ಕದ್ದು ತಾನಾಗಿ ಬರುತ್ತದೆ ಎನ್ನುತ್ತೇನೆ. ಅವರು ನಗುತ್ತಾರೆ.

ಹಾರ್ಬಿನ್ ಕೋಲು ಹಿಡಿದು ವರಾಂಡದವರೆಗೆ ನಡೆಯುತ್ತಾನಂತೆ. ಅವರಿವರು ಹೇಳಿದ್ದು.

ನೀನು ಹೇಗಿದ್ದೀಯ? ನಿಜ ಬರೆ.

ಓಡೆಲ್

*

ಕಾಲ್ವರ್ಟ್ ಫಾಲ್ಸ್
ಮೇ 7, 1978

ಪ್ರಿಯ ಓಡೆಲ್,

ಚೆನ್ನಾಗಿದ್ದೇನೆ. ಟೊಮೆಟೊ ಸಸಿ ನೆಟ್ಟಿದ್ದೇನೆ. ಚರ್ಚಿನಲ್ಲಿ ನಾನು ಕೂರುವ ಬೆಂಚಿನಲ್ಲಿ ಈಗ ವಿಶಾಲವಾಗಿ ಜಾಗವಿದೆ. ಹಾಯ್ಟ್ ಮನೆಯಲ್ಲಿ ನಿನ್ನ ಹೆಸರು ಎತ್ತಕೂಡದು ಎಂದಿದ್ದಾನೆ. ನಾನು ಎತ್ತುವುದಿಲ್ಲ.

ಇಮೋಜೀನ್

*

ಕಾಲ್ವರ್ಟ್ ಫಾಲ್ಸ್
ನವೆಂಬರ್ 14, 1979

ಪ್ರಿಯ ಓಡೆಲ್,

ನಿನ್ನ ದವಡೆ ಮುರಿದಿದೆ ಎಂದು ಪತ್ರಿಕೆಯಲ್ಲಿ ಹಾಕಿದ್ದಾರೆ. ಮುರಿದವಳು ನಾನೇ ಎಂದೂ ಹಾಕಿದ್ದಾರೆ. ಹಾಯ್ಟ್ ಅದನ್ನು ಕತ್ತರಿಸಿ ಗ್ರೇಡಿಯ ಚಿತ್ರದ ಪಕ್ಕ ಅಂಟಿಸಿದ್ದಾನೆ.

ಶನಿವಾರ ಗ್ರೇಡಿ ಕೊನೆಯ ಸಲ ಅಖಾಡಕ್ಕೆ ಬರುತ್ತಾನೆ, ಅದೂ ನಮ್ಮ ಊರಿನ ಹಾಲ್‌ಗೆ ಎಂದಾಗ ಹಾಯ್ಟ್ ಮಗುವಾಗಿಬಿಟ್ಟ. "ನೀನೂ ಬರ್ಬೇಕು ಕಣೇ. ನಿನ್ ತಮ್ಮ ಒದೆ ತಿನ್ನೋದು ನೋಡೋವಂತೆ" ಅಂದ. ಮುಂದಿನ ಸಾಲಿನಲ್ಲಿ ಕೂತೆವು. ನನ್ನ ಆಚೆ ಪಕ್ಕದ ಕುರ್ಚಿ ಖಾಲಿಯೇ ಇತ್ತು.

ಗ್ರೇಡಿ ಬರಿಗಾಲಲ್ಲಿ, ಕೋಲು ಊರಿಕೊಂಡು ಬಂದ. ಜನ ಕೂಗಲಿಲ್ಲ, ಎದ್ದು ನಿಂತರು. ಹಗ್ಗದ ಒಳಗೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನೀನು ಒಂದು ಮೂಲೆಯಲ್ಲಿ ಕೈಗನ್ನಡಿ ಹಿಡಿದು ಹುಬ್ಬು ತಿದ್ದಿಕೊಳ್ಳುತ್ತಿದ್ದೆ, ಯಾರೂ ಅವನ ಕಾಲನ್ನು ನೋಡದಿರಲಿ ಎಂದು. ಜನ ನೋಡಿದ್ದೂ ನಿನ್ನನ್ನೇ.

ಆಮೇಲೆ ಅವನು ಕೋಲು ಬಿಟ್ಟ. ಎಡಗೈ ಬೀಸಿದ. ನಾನು ಎಷ್ಟೋ ಮರ ಉರುಳಿದ್ದು ನೋಡಿದ್ದೇನೆ, ಮನುಷ್ಯ ಹಾಗೆ ಹಾರಿದ್ದು ನೋಡಿಲ್ಲ. ನೀನು ಹಗ್ಗದ ಮೇಲಿಂದ ಪಲ್ಟಿ ಹೊಡೆದು ನೆಲಕ್ಕೆ ಬಿದ್ದೆ. ಈ ವಯಸ್ಸಿನಲ್ಲಿ, ಆ ನೋಯುವ ಮಂಡಿ ಇಟ್ಟುಕೊಂಡು! ಹಾಲ್ ಹುಚ್ಚೆದ್ದಿತು. ಗ್ರೇಡಿ ಎರಡು ಕಾಲ ಮೇಲೆ ನೆಟ್ಟಗೆ ನಿಂತಿದ್ದ, ಯಾವ ಆಸರೆಯೂ ಇಲ್ಲದೆ. ಹಾಯ್ಟ್ ಅಳುತ್ತಿದ್ದ. "ಸಿಕ್ತು ನೋಡು! ಸಿಕ್ತು ನೋಡು ನನ್ಮಗನಿಗೆ!"

ನೀನು ತೆವಳಿಕೊಂಡು ಎದ್ದೆ. ಎದುರಿಗೆ ನಾನಿದ್ದೆ.

ಸುತ್ತ ಇದ್ದವರು ನಮ್ಮಿಬ್ಬರ ಕಡೆ ತಿರುಗಿದರು. ನಾನು ಯಾರೆಂದು ಎಲ್ಲರಿಗೂ ಗೊತ್ತು. ನೀನು ನನ್ನನ್ನು ನೋಡಿದೆ, ಪಕ್ಕದ ಖಾಲಿ ಕುರ್ಚಿಯನ್ನು ನೋಡಿದೆ. ಮೈಕ್ ತರಿಸಿದೆ.

"ಓಹೋ, ನಮ್ಮಕ್ಕ! ನೋಡ್ರಪ್ಪಾ, ಈ ಕೊಂಪೇಲಿ ನನ್ನ ಕಡೆಯವಳು ಒಬ್ಬಳಾದ್ರೂ ಇದಾಳೆ. ಬಾ ಅಕ್ಕಾ, ನನ್ನ ಶೂಗೆ ಧೂಳಾಗಿದೆ, ನಿನ್ನ ಸೆರಗಲ್ಲಿ ಒರೆಸು ಬಾ. ನೀನು ಇನ್ಯಾತಕ್ಕೆ ಹುಟ್ಟಿದೋಳು!" ಕಾಲನ್ನು ನನ್ನ ಕುರ್ಚಿಯ ಮೇಲೆ ಇಟ್ಟೆ.

ಸೆರಗು ಎಲ್ಲಿಂದ ಬರಬೇಕು, ನಾನು ತೊಟ್ಟಿದ್ದು ಭಾನುವಾರದ ಒಳ್ಳೆಯ ಕೋಟು. ಆದರೂ ಹಿಂದಿನ ಸಾಲಿನಿಂದ ಒಬ್ಬಳು, "ಅಯ್ಯೋ, ಒಡಹುಟ್ಟಿದವಳನ್ನ!" ಎಂದು ಉಸಿರೆಳೆದದ್ದು ಕೇಳಿಸಿತು. ನಾನು ಎದ್ದೆ. ನೀನು ಕಾಡಿಗೆ ಹಚ್ಚಿದ ಆ ಕಣ್ಣುಗಳಿಂದ ಕಾಯುತ್ತಿದ್ದೆ. ಆಗ ನಿನ್ನ ಎಡಗೆನ್ನೆ ಇಷ್ಟೇ ಇಷ್ಟು ನನ್ನ ಕಡೆ ತಿರುಗಿತು, ಬೇರೆ ಯಾರಿಗೂ ಕಾಣದಷ್ಟು.

ನಾನು ಕೈ ಬೀಸಿದೆ. ನನ್ನ ಅಂಗೈಗೆ ತಾಗಿದ್ದು ನಿನ್ನ ಮುಖದ ಪೌಡರು ಮಾತ್ರ. ಆ ಸಿಡಿಲಿನಂಥ ಸದ್ದು ಎಲ್ಲಿಂದ ಬಂತು, ಅದನ್ನು ನೀನು ಹೇಗೆ ಮಾಡಿದೆ, ನಾನು ಕೇಳುವುದಿಲ್ಲ. ನೀನು ಗಿರಗಿರನೆ ತಿರುಗಿ ಎರಡು ಸಾಲು ಕುರ್ಚಿಗಳ ಮೇಲೆ ಉರುಳಿದೆ.  ಮರುಕ್ಷಣ ನಾನು ನೆಲದ ಮೇಲೆ ಇರಲಿಲ್ಲ. ಗ್ರೇಡಿಯನ್ನು ಹೊರಬೇಕಾಗಿದ್ದ ಹೆಗಲುಗಳು ನನ್ನನ್ನು ಎತ್ತಿಕೊಂಡಿದ್ದವು. "ನನ್ ಹೆಂಡ್ತಿ ಕಣ್ರಯ್ಯಾ! ನನ್ ಹೆಂಡ್ತಿ!" ಎಂದು ಹಾಯ್ಟ್ ಕೆಳಗೆ ಓಡಾಡುತ್ತಿದ್ದ. ಮೇಲಿನಿಂದ ನೋಡಿದೆ, ಅಖಾಡದಲ್ಲಿ ಗ್ರೇಡಿ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದ. ಜನ ಅವನು ಅಳುತ್ತಿದ್ದಾನೆ ಎಂದುಕೊಂಡರು.

ನಿನ್ನನ್ನು ಸ್ಟ್ರೆಚರ್‌ನಲ್ಲಿ ಹೊತ್ತು ಹೋಗುವಾಗ, "ಪೊಲೀಸ್ನೋರ್ನ ಕರೀರಿ! ಆ ರಾಕ್ಷಸೀನ ಹಿಡೀರಿ!" ಎಂದು ಕಿರುಚುತ್ತಿದ್ದೆ. ಇಡೀ ಊರು ನಗುತ್ತಿತ್ತು.

ಭಾನುವಾರ ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಉಸಿರಾಡಲು ಜಾಗವಿರಲಿಲ್ಲ.

ಮುಂದಿನ ತಿಂಗಳು ನಿನ್ನ ಕುಸ್ತಿ ಚಟ್ಟನೂಗಾದಲ್ಲಂತೆ. ನಾವಿಬ್ಬರೂ ಬರುತ್ತೇವೆ. ನಾನು ನಿನಗೆ ಇನ್ನೊಂದು ಬಾರಿಸಲೇಬೇಕೆಂದು ಹಾಯ್ಟ್ ದುಂಬಾಲು ಬಿದ್ದಿದ್ದಾನೆ. ಈ ಸಲ ಬಲಗೆನ್ನೆ ಕೊಡು. ಎಡಗಡೆಯ ಹಲ್ಲು ನಿನಗೆ ಚಿಕ್ಕಂದಿನಿಂದಲೂ ಸೂಕ್ಷ್ಮ.

ನಿನ್ನ ಅಕ್ಕ,
ಇಮೋಜೀನ್